ಮೇಲಿನ ಕೋಣೆ ಆಮೇಲೆ, ಅದರ ತಯಾರಿ ಈಗಲೇ: ಸಿಂಧನೂರಿನ ಎರೆ ನೆಲದಲ್ಲಿ ಕಟ್ಟಿದ ಮನೆಯ ಲೆಕ್ಕ

ಸಿಂಧನೂರು, ಮಾನ್ವಿ, ಕಾರಟಗಿ ಕಡೆ ಹೊಸ ಮನೆ ಕಟ್ಟುವ ಹೆಚ್ಚಿನವರ ಬಾಯಲ್ಲಿ ಒಂದೇ ಮಾತು: ಈಗ ಕೆಳಗಿಂದು ಮುಗಿಸೋಣ, ಮೇಲೆ ಒಂದು ಕೋಣೆ ಆಮೇಲೆ ಹಾಕಿದರಾಯಿತು. ಮಗನ ಮದುವೆಗೋ, ಮಕ್ಕಳ ಓದಿಗೋ, ಬಾಡಿಗೆಗೋ ಆ ಕೋಣೆ ಬೇಕಾಗುವುದು ಐದಾರು ವರ್ಷದ ಮೇಲೆ. ಮಲೆನಾಡಿನ ಹಾಗೆ ನಮ್ಮಲ್ಲಿ ಹೆಂಚಿನ ಮಾಡಿಲ್ಲ, ಮಾಡಿನ ಕೆಳಗೆ ಅಟ್ಟವೂ ಉಳಿಯುವುದಿಲ್ಲ. ಹಿಂದೆ ಸವುಳು ಮಣ್ಣಿನ ಮಾಳಿಗೆ, ಈಗ ಆರ್‌ಸಿಸಿ ಛತ್ತು; ಎರಡೂ ಚಪ್ಪಟೆ. ನಮಗೆ ಅಟ್ಟವೆಂದರೆ ಛತ್ತಿನ ಮೇಲೆ ಏಳುವ ಕೋಣೆಯೇ. ಕಟ್ಟುವುದು ಆಮೇಲಾದರೂ ಅದರ ಅರ್ಧ ತೀರ್ಮಾನ ಪಾಯ ತೋಡುವ ದಿನವೇ ಆಗಿಹೋಗಿರುತ್ತದೆ.

ನಮ್ಮದು 30×40 ನಿವೇಶನ. ಕಟ್ಟಡ 24 ಅಡಿ ಅಗಲ, 32 ಅಡಿ ಉದ್ದ, 768 ಚದರಡಿ. ಉದ್ದಕ್ಕೆ 4, ಅಗಲಕ್ಕೆ 3, ಒಟ್ಟು 12 ಕಾಲಂ. ಮುಂದೆ ಮೇಲೆ ಬರಬೇಕಾದದ್ದು 12 ಅಡಿ ಅಗಲ, 21 ಅಡಿ 4 ಇಂಚು ಉದ್ದದ ಒಂದು ದೊಡ್ಡ ಕೋಣೆ, ಅದಕ್ಕೆ ಅಂಟಿ ಒಂದು ಶೌಚಾಲಯ-ಸ್ನಾನದ ಮನೆ. ಮೊದಲ ದಿನವೇ ಒಂದು ಗೆರೆ ಹಾಕಿಕೊಂಡೆವು: ಮಣ್ಣಿನೊಳಗೆ ಮತ್ತು ಕಾಂಕ್ರೀಟಿನೊಳಗೆ ಹೋಗುವುದಕ್ಕೆಲ್ಲ ಈಗಲೇ ಖರ್ಚು, ಹೊರಗೆ ಕಾಣುವುದಕ್ಕೆ ಒಂದು ರೂಪಾಯಿಯೂ ಈಗ ಬೇಡ. ಟೈಲ್ಸು, ವೈರು, ಕಿಟಕಿ, ಬಣ್ಣ ಯಾವಾಗ ಬೇಕಾದರೂ ಸಿಗುತ್ತವೆ. ಏಳೂವರೆ ಅಡಿ ಆಳದ ಫೂಟಿಂಗನ್ನು, ಅಂದರೆ ಕಾಲಂ ಕೂರುವ ಕಾಂಕ್ರೀಟ್ ಬುಡವನ್ನು, ಆಮೇಲೆ ಅಗಲ ಮಾಡಲು ಬರುವುದಿಲ್ಲ.

ಪರವಾನಗಿ ವಿಷಯ ಚಿಕ್ಕದು. ನಕ್ಷೆಯನ್ನು ನೆಲ ಮತ್ತು ಒಂದನೇ ಮಹಡಿ ಎರಡಕ್ಕೂ ಬರೆಸಿ, ಸ್ಟ್ರಕ್ಚರಲ್ ಡ್ರಾಯಿಂಗಿನಲ್ಲೂ ‘ನೆಲ + 1’ ಎಂದೇ ಹಾಕಿಸಿ ಎಂಜಿನಿಯರ್ ಸಹಿ, ಸೀಲು ಪಡೆಯಬೇಕು. ಪರವಾನಗಿಗೆ ಅವಧಿ ಇರುವುದರಿಂದ ಮೇಲಿನದು ತಡವಾದರೆ ಮತ್ತೆ ಅರ್ಜಿ ಹಾಕಲೇಬೇಕು. ಆಗ ಕೈಗೆ ಬರುವುದು ಈ ಸಹಿ ಇರುವ ಡ್ರಾಯಿಂಗೇ. ಬ್ಯಾಂಕಿನವರೂ ಸಾಲಕ್ಕೆ ಮೊದಲು ಅದನ್ನೇ ಕೇಳುತ್ತಾರೆ.

ಇನ್ನು ನೆಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಸುತ್ತಲಿನ ಗದ್ದೆಗಳು ತುಂಬಿ, ತಗ್ಗಿನ ಬಡಾವಣೆಗಳಲ್ಲಿ ಪಾಯದ ಗುಂಡಿಯಲ್ಲೇ ನೀರು ಜಿನುಗುತ್ತದೆ. ಹಾಗಾಗಿ ಪರೀಕ್ಷೆಯ ಗುಂಡಿಯನ್ನು ಮೇ ತಿಂಗಳಲ್ಲಿ, ಕಾಲುವೆ ಒಣಗಿದ್ದಾಗ ತೋಡಿಸಿದೆವು. ಐದೂವರೆ ಅಡಿವರೆಗೆ ಅಪ್ಪಟ ಎರೆ, ಅದರ ಕೆಳಗೆ ಒಂದೂವರೆ ಅಡಿ ಸುಣ್ಣದ ಹರಳು ಬೆರೆತ ಮಣ್ಣು, ಆಮೇಲೆ ಗಟ್ಟಿ ಗರಸು. ಫೂಟಿಂಗನ್ನು ಗರಸಿನೊಳಗೆ ಅರ್ಧ ಅಡಿ ಇಳಿಸಿ ಏಳೂವರೆ ಅಡಿಗೆ ಕೂರಿಸಿದೆವು. ಮಣ್ಣು ಪರೀಕ್ಷೆಯ ವರದಿ ಆ ಮಟ್ಟದಲ್ಲಿ ಚದರ ಮೀಟರಿಗೆ 15 ಟನ್ ಭಾರ ಹೊರಿಸಬಹುದು ಎಂದಿತು. ಪಕ್ಕದ ನಿವೇಶನದಲ್ಲೇ ಗರಸು ಒಂಬತ್ತು ಅಡಿಗೆ ಸಿಕ್ಕಿದ್ದೂ ಉಂಟು. ಆದ್ದರಿಂದ ನೆರೆಯವರ ಆಳ ನೋಡಿ ನಮ್ಮ ಆಳ ಗೊತ್ತುಮಾಡುವುದು ತಪ್ಪು.

ಒಂದೇ ಅಂತಸ್ತಿಗೂ ಎರಡಕ್ಕೂ ಪಾಯದಲ್ಲಿ ವ್ಯತ್ಯಾಸ ಎಷ್ಟು? ನಡುವಿನ ಒಂದು ಕಾಲಂ ತೆಗೆದುಕೊಳ್ಳಿ. ಅದರ ಪಾಲಿಗೆ ಬರುವ ಛತ್ತು 12 ಅಡಿ × 10 ಅಡಿ 8 ಇಂಚು, ಅಂದರೆ ಸುಮಾರು 12 ಚದರ ಮೀಟರ್. ಛತ್ತು, ತೊಲೆ, ಗೋಡೆ, ನೆಲಹಾಸು, ಜನ, ಸಾಮಾನು ಎಲ್ಲ ಸೇರಿ ಒಂದು ಅಂತಸ್ತಿಗೆ ಚದರ ಮೀಟರಿಗೆ 1.2 ಟನ್ ಹಿಡಿದರೆ 14 ಟನ್ ಆಯಿತು. ಪ್ಲಿಂತ್ ತೊಲೆ (ನೆಲಮಟ್ಟದಲ್ಲಿ ಕಾಲಂಗಳನ್ನು ಕೂಡಿಸುವ ತೊಲೆ) ಮತ್ತು ಪಾಯದ ಗೋಡೆ ಸೇರಿಸಿ ನೆಲ ಅಂತಸ್ತಿಗೆ 18 ಟನ್, ಮೇಲಿನದೂ ಬಂದರೆ 32–33 ಟನ್. ಫೂಟಿಂಗಿನ ಸ್ವಂತ ಭಾರಕ್ಕೆ ನೂರಕ್ಕೆ ಹತ್ತು ಕೂಡಿಸಿ 15ರಿಂದ ಭಾಗಿಸಿದರೆ, ಮೊದಲನೆಯದಕ್ಕೆ ಸುಮಾರು 4 ಅಡಿ ಚೌಕ, ಎರಡನೆಯದಕ್ಕೆ 5 ಅಡಿ 3 ಇಂಚು ಚೌಕ. ಒಂದಕ್ಕೆ ಹೆಚ್ಚುವ ಕಾಂಕ್ರೀಟು ಸುಮಾರು 14–15 ಘನ ಅಡಿ. ಹನ್ನೆರಡಕ್ಕೂ ಅಷ್ಟೇ ಎಂದು ಹಿಡಿದರೂ 5 ಘನ ಮೀಟರಿನ ಒಳಗೆ, ಸಿಮೆಂಟಿನಲ್ಲಿ ಹೇಳುವುದಾದರೆ 40 ಚೀಲ. ಅಂಚಿನ, ಮೂಲೆಯ ಕಾಲಂಗಳಿಗೆ ಭಾರ ಕಡಿಮೆ ಇರುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ಕೆಳಗೇ ಬರುತ್ತದೆ. 40 ಚೀಲ ಸಿಮೆಂಟು, ಒಂದಿಷ್ಟು ಕಂಬಿ ಉಳಿಸಲು ಹೋಗಿ ಮೇಲಿನ ಕೋಣೆಯ ಆಸೆಯನ್ನೇ ಮಣ್ಣಿನಲ್ಲಿ ಹೂತ ಮನೆಗಳು ನಮ್ಮ ಓಣಿಗಳಲ್ಲಿ ಬೇಕಾದಷ್ಟಿವೆ. ಇದು ಅಂದಾಜು ಲೆಕ್ಕ ಅಷ್ಟೆ. ನಿಮ್ಮ ಮನೆಗೆ ನಿಮ್ಮ ಎಂಜಿನಿಯರೇ ಲೆಕ್ಕ ಹಾಕಬೇಕು. ಆದರೆ ಹೋಗಿ ಕೇಳುವಾಗ ಈ ಅಳತೆ ಗೊತ್ತಿದ್ದರೆ ಉತ್ತರ ಸರಿ ಸಿಗುತ್ತದೆ.

ಕೋಣೆ ಬರುವುದು ಆರು ಕಾಲಂ ಮೇಲೆ ಮಾತ್ರ, ಉಳಿದ ಆರಕ್ಕೆ ದೊಡ್ಡ ಫೂಟಿಂಗ್ ಯಾಕೆ ಎಂಬ ಪ್ರಶ್ನೆ ಬಂತು. ಹನ್ನೆರಡನ್ನೂ ಎರಡು ಅಂತಸ್ತಿಗೇ ಮಾಡಿಸಿದೆವು. ಐದು ವರ್ಷದಲ್ಲಿ ಮನೆಯವರ ಮನಸ್ಸು ಬದಲಾಗುತ್ತದೆ, ಹಿಂದಿನ ಕೋಣೆ ಮುಂದಕ್ಕೆ ಬರುತ್ತದೆ, ಒಂದು ಕೋಣೆ ಎರಡಾಗುತ್ತದೆ. ಪಾಯ ಮಾತ್ರ ಇದ್ದಲ್ಲೇ ಇರುತ್ತದೆ.

ಎರೆ ನೆಲದಲ್ಲಿ ಪ್ಲಿಂತ್ ತೊಲೆಯನ್ನು ನೇರ ಮಣ್ಣಿನ ಮೇಲೆ ಹಾಕಿಬಿಡುವುದು ಇಲ್ಲಿನ ದೊಡ್ಡ ತಪ್ಪು. ಮಳೆಗೆ ಮಣ್ಣು ಉಬ್ಬಿದಾಗ ತೊಲೆಯನ್ನು ಕೆಳಗಿನಿಂದ ಎತ್ತುತ್ತದೆ, ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ತೊಲೆಯ ಕೆಳಗೆ ಕನಿಷ್ಠ 80 ಮಿ.ಮೀ., ಅಂದರೆ ಮೂರು ಇಂಚಿಗೆ ತುಸು ಹೆಚ್ಚು ಸಂದು ಬಿಡಬೇಕು. ಹಗುರ ಮನೆಗೆ ಈ ಕಾಟ ಇನ್ನೂ ಹೆಚ್ಚು, ಏಕೆಂದರೆ ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಮೇಲಿಲ್ಲ. ಅಂದರೆ ಮೇಲಿನ ಕೋಣೆ ಬರುವವರೆಗಿನ ವರ್ಷಗಳೇ ಈ ಮನೆಗೆ ಹೆಚ್ಚು ಕಷ್ಟದ ಕಾಲ. ಪ್ಲಿಂತ್ ಒಳಗೆ ತುಂಬಲು ಪಾಯದಿಂದ ತೆಗೆದ ಎರೆ ಮಣ್ಣನ್ನೇ ಬಳಸಬಾರದು; ಗರಸು ತರಿಸಿ, ಆರಾರು ಇಂಚಿನ ಪದರದಲ್ಲಿ ನೀರು ಹೊಡೆದು ಧಮ್ಮಸ್ಸು ಮಾಡಬೇಕು. ಹೊರಗೆ ಸುತ್ತಲೂ ಕಾಂಕ್ರೀಟ್ ಹಾಸಿ, ಮನೆಯಿಂದ ಆಚೆಗೆ ಇಳಿಜಾರು ಕೊಟ್ಟೆವು. ಛತ್ತಿನ ನೀರಾಗಲಿ ಬಚ್ಚಲ ನೀರಾಗಲಿ ಪಾಯದ ಪಕ್ಕ ಇಂಗಬಾರದು.

ಕಾಲಂ 9×12 ಇಂಚು, 16 ಮಿ.ಮೀ.ಯ ನಾಲ್ಕು ಕಂಬಿ, 8 ಮಿ.ಮೀ. ರಿಂಗು ಆರು ಇಂಚಿಗೊಂದು, ಕಾಂಕ್ರೀಟು ಎಂ20 ದರ್ಜೆಯದು. ಇದರಲ್ಲಿ ವಿಶೇಷವೇನೂ ಇಲ್ಲ. ವಿಶೇಷ ಇರುವುದು ಛತ್ತಿನ ಮೇಲೆ ಬಿಡುವ ಕಂಬಿಯಲ್ಲಿ. ಮುಂದೆ ಮೇಲಿನ ಕಾಲಂ ಕಂಬಿಯನ್ನು ಇದರ ಪಕ್ಕ ನಿಲ್ಲಿಸಿ ಕಟ್ಟಬೇಕು; ಆ ಜೋಡಣೆಯ ಉದ್ದ ಎಂ20 ಕಾಂಕ್ರೀಟು, ಫೆ500 ದರ್ಜೆಯ ಕಂಬಿಗೆ ಬರಿ ಅದುಮುವ ಭಾರವಿದ್ದರೆ ಕಂಬಿಯ ದಪ್ಪದ 45 ಪಟ್ಟು, ಎಳೆತವೂ ಬರುವ ಕಡೆ 57 ಪಟ್ಟು. 16 ಮಿ.ಮೀ.ಗೆ 45 ಪಟ್ಟು ಎಂದರೆ 720 ಮಿ.ಮೀ., 57 ಪಟ್ಟು ಎಂದರೆ 912 ಮಿ.ಮೀ. ನಾವು ಸ್ಲ್ಯಾಬಿನ ಮೇಲ್ಮೈಯಿಂದ ಪೂರಾ 3 ಅಡಿ ಬಿಡಿಸಿದೆವು. ಊರಲ್ಲಿ ಸಾಮಾನ್ಯವಾಗಿ ಬಿಡುವುದು ಒಂದೂವರೆ ಅಡಿ. ಅದು 28 ಪಟ್ಟು ಮಾತ್ರ. ಉಳಿದ ತುಂಡು ಸಾಲದೆಂದು ಆಮೇಲೆ ವೆಲ್ಡಿಂಗ್ ಹಚ್ಚುತ್ತಾರೆ. ಟಿಎಂಟಿ ಕಂಬಿಯ ಬಲ ಅದರ ಹೊರ ಪದರದಲ್ಲಿದೆ, ಬೇಕಾಬಿಟ್ಟಿ ವೆಲ್ಡಿಂಗಿನ ಶಾಖಕ್ಕೆ ಆ ಬಲವೇ ಇಳಿಯುತ್ತದೆ.

ಬಿಟ್ಟ ಕಂಬಿಯನ್ನು ಹಾಗೇ ಗಾಳಿ ಮಳೆಗೆ ಒಡ್ಡುವುದು ಇನ್ನೊಂದು ತಪ್ಪು. ಅಡ್ಡ ಬರುತ್ತದೆಂದು ಮಡಚಿಡುವುದು ಅದಕ್ಕಿಂತ ಕೆಟ್ಟದ್ದು. ಮಡಚಿದ್ದನ್ನು ಮತ್ತೆ ನೆಟ್ಟಗೆ ಮಾಡುವಾಗ ಬಗ್ಗಿದ ಜಾಗದಲ್ಲೇ ಸಣ್ಣ ಬಿರುಕು ಬೀಳುತ್ತದೆ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೆ ಬೆವರು ಕೂಡಿ ತುಕ್ಕು ಬೇಗ ಹಿಡಿಯುತ್ತದೆ. ನಾವು ಮಾಡಿದ್ದು ಹೀಗೆ: ಸ್ಲ್ಯಾಬ್ ಹಾಕಿದ ವಾರದೊಳಗೆ ಕಂಬಿಗೆ ವೈರ್ ಬ್ರಷ್ ಹೊಡೆದು, ಪಾಲಿಮರ್ ಬೆರೆಸಿದ ಸಿಮೆಂಟ್ ಹಾಲನ್ನು ಎರಡು ಸಲ ಬಳಿದೆವು. ಮೇಲೆ 9×12ರ ಅಳತೆಯಲ್ಲೇ ಪೆಟ್ಟಿಗೆ ಕಟ್ಟಿ, 12 ಮಿ.ಮೀ. ಕಡಿ ಹಾಕಿ 1:4:8ರ ಬಡ ಕಾಂಕ್ರೀಟನ್ನು (ಸಿಮೆಂಟು ಕಡಿಮೆ ಇರುವುದನ್ನು) 3 ಅಡಿ 3 ಇಂಚು ಎತ್ತರಕ್ಕೆ ತುಂಬಿಸಿದೆವು. ಹೊರಗೆ ಅರ್ಧ ಇಂಚು ಪ್ಲಾಸ್ಟರ್, ತಲೆಯನ್ನು ನಾಲ್ಕೂ ಕಡೆ ಇಳಿಜಾರು ಮಾಡಿ ಮುಚ್ಚಿದೆವು. ಬಡ ಕಾಂಕ್ರೀಟು ಉಳಿ ಸುತ್ತಿಗೆಗೆ ಸುಲಭವಾಗಿ ಬಿಟ್ಟುಕೊಳ್ಳುತ್ತದೆ, ಕಂಬಿಗೆ ಏಟು ಬೀಳುವುದಿಲ್ಲ. ಒಳ್ಳೆ ಕಾಂಕ್ರೀಟೇ ಹಾಕಿಬಿಡೋಣ ಎಂದು ಹೊರಟರೆ ಆಮೇಲೆ ಬ್ರೇಕರ್ ತರಬೇಕಾಗುತ್ತದೆ. ಈ ಕಂಬಗಳು ಸ್ಲ್ಯಾಬಿಗೆ ಕೂಡುವ ಬುಡದಲ್ಲಿ ನೀರು ನಿಲ್ಲಬಾರದು. ಅಲ್ಲಿ ಎರಡು ಇಂಚಿನ ಗೋಲಾ, ಅಂದರೆ ಮೂಲೆಗೆ ಕೊಡುವ ದುಂಡು ಗಾರೆ ಬೇಕೇ ಬೇಕು. ಛತ್ತು ಸೋರುವ ಮನೆಗಳಲ್ಲಿ ನಾವು ಮೊದಲು ನೋಡುವ ಜಾಗ ಇದೇ. ಕಂಬಿಯ ಗುಂಟ ನೀರು ಇಳಿದು ಕೆಳಗಿನ ಕಾಲಂ ತಲೆಯಲ್ಲಿ ಕಂದು ಕಲೆ ಮೂಡುತ್ತದೆ.

ಮುಂದಿನದು ಗೋಡೆಯ ಜಾಗ. ಛತ್ತಾಗಿ ಮಾತ್ರ ಇರುವ ಸ್ಲ್ಯಾಬಿಗೆ ಜನ ಓಡಾಡುವ ಭಾರ ಚದರ ಮೀಟರಿಗೆ 150 ಕೆಜಿ ಹಿಡಿಯುತ್ತಾರೆ, ವಾಸದ ನೆಲಕ್ಕೆ 200. ಅದರ ಮೇಲೆ ಟೈಲ್ಸು ಮತ್ತು ಗಾರೆ ಇನ್ನೂ ನೂರರ ಆಸುಪಾಸು. ಇದನ್ನೆಲ್ಲ ತಡೆಯಲು 5 ಇಂಚಿನ ಸ್ಲ್ಯಾಬಿನಲ್ಲಿ ಕಂಬಿಯ ಅಂತರ ಸ್ವಲ್ಪ ಹತ್ತಿರ ಮಾಡಿದರೆ ಸಾಕು. ತಡೆಯದೆ ಇರುವುದು ಸ್ಲ್ಯಾಬಿನ ನಡುಮಧ್ಯೆ ಎದ್ದ ಗೋಡೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ 10 ಅಡಿ ಎತ್ತರಕ್ಕೆ ಎರಡೂ ಬದಿಯ ಪ್ಲಾಸ್ಟರ್ ಸೇರಿ ಒಂದು ಅಡಿ ಉದ್ದಕ್ಕೆ ಸುಮಾರು 250 ಕೆಜಿ ತೂಗುತ್ತದೆ. ಮೇಲಿನ ಶೌಚಾಲಯದ ಗೋಡೆ ನಮ್ಮಲ್ಲಿ ಯಾವ ತೊಲೆಯ ಮೇಲೂ ಬೀಳುತ್ತಿರಲಿಲ್ಲ. ಗೌಂಡಿ ಹೇಳಿದ್ದು, “ಕೆಳಗ ಗ್ವಾಡಿ ಐತಲ್ರಿ, ಅದು ತಡಿತೈತಿ ಬಿಡ್ರಿ.” ಕಾಲಂ ಮನೆಯಲ್ಲಿ ಕೆಳಗಿನ ನಾಲ್ಕೂವರೆ ಇಂಚಿನ ಗೋಡೆ ಬರಿ ಮರೆ, ಅದರ ಕೆಳಗೆ ಫೂಟಿಂಗಿಲ್ಲ. ಅದರ ಮೇಲೆ ಭಾರ ಇಳಿದರೆ ಗೋಡೆಯೂ ನೆಲವೂ ಒಟ್ಟಿಗೆ ಕೂರುತ್ತವೆ. ಹಾಗಾಗಿ ಆ ಗೆರೆಗೆ ಸ್ಲ್ಯಾಬ್ ಸೇರಿ 15 ಇಂಚು ಆಳದ ಒಂದು ಅಡ್ಡ ತೊಲೆಯನ್ನು ಈಗಲೇ ಹಾಕಿಸಿದೆವು. ಸದ್ಯಕ್ಕೆ ಅದರ ಮೇಲೆ ಏನೂ ಇಲ್ಲ. ಉಳಿದ ಗೋಡೆಗಳನ್ನು ತೊಲೆಯ ನೇರಕ್ಕೇ ತಂದು ಕೋಣೆಯ ಅಳತೆ ಹೊಂದಿಸಿದೆವು. ಕೋಣೆ 21 ಅಡಿ 4 ಇಂಚಾದದ್ದು ಹಾಗೆ, ಎರಡು ಅಂಕಣ, ಅಂದರೆ ಕಾಲಂನಿಂದ ಕಾಲಂಗೆ ಇರುವ ಎರಡು ಅಂತರ ಕೂಡಿಸಿ.

ಮೇಲಿನ ಶೌಚಾಲಯ ಕೆಳಗಿನದರ ನೆತ್ತಿಯ ಮೇಲೇ ಇರಬೇಕು, ಈ ಮಾತಿಗೆ ಎರಡಿಲ್ಲ. ಅದರ ಸ್ಲ್ಯಾಬನ್ನು ಒಂದು ಅಡಿ ಇಳಿಸಿ ಸಂಕನ್ ಮಾಡುವುದು ನಮ್ಮ ಕಡೆ ರೂಢಿ. ಕೋಣೆ ತಕ್ಷಣ ಕಟ್ಟುವುದಾದರೆ ಅದೂ ಸರಿಯೇ. ಐದು ವರ್ಷ ಖಾಲಿ ಬಿಡುವುದಾದರೆ ಆ ಗುಂಡಿ ಛತ್ತಿನ ಮೇಲಿನ ತೊಟ್ಟಿಯಾಗುತ್ತದೆ. ಮರಳು ತುಂಬಿ ಮುಚ್ಚಿದರೂ ಮರಳು ನೀರು ಹಿಡಿದುಕೊಂಡು, ಮಳೆ ನಿಂತ ಮೂರನೆ ದಿನಕ್ಕೆ ಕೆಳಗೆ ತೊಟ್ಟಿಕ್ಕಲು ಶುರುಮಾಡುತ್ತದೆ. ನಾವು ಸಂಕನ್ ಬಿಟ್ಟು, ಸ್ಲ್ಯಾಬನ್ನು 2 ಇಂಚು ಮಾತ್ರ ಇಳಿಸಿ, ಪೈಪು ಹಾಯಲು ಎರಡು ತೂತು ಇಟ್ಟೆವು. ಪೈಪುಗಳು ಕೆಳಗಿನ ಶೌಚಾಲಯದ ಛಾವಣಿಗೆ ತೂಗುತ್ತವೆ, ಏಳೂವರೆ ಅಡಿಗೆ ಫಾಲ್ಸ್ ಸೀಲಿಂಗ್ ಬಂದರೆ ಕಾಣುವುದಿಲ್ಲ. ಸೋರಿದರೆ ಸೀಲಿಂಗ್ ತೆರೆದು ಕೈ ಹಾಕಬಹುದು. ಸಂಕನ್‌ನಲ್ಲಿ ಸೋರಿದರೆ ಮೇಲಿನ ನೆಲವನ್ನೇ ಒಡೆಯಬೇಕು.

ಆ ತೂತಿಗೆ 160 ಮಿ.ಮೀ. ಪಿವಿಸಿ ಪೈಪಿನ ತುಂಡನ್ನು ಸೆಂಟ್ರಿಂಗ್ ಹಲಗೆಗೆ ಮೊಳೆ ಹೊಡೆದು ಕೂರಿಸಿ, ಸ್ಲ್ಯಾಬಿನ ಮೇಲೆ 4 ಇಂಚು ಎದ್ದು ನಿಲ್ಲುವಂತೆ ಬಿಟ್ಟು, ತಲೆಗೆ ಕ್ಯಾಪ್ ಹಾಕಿಸಿದೆವು. ಒಳಗೆ 110 ಮಿ.ಮೀ. ಎಸ್‌ಡಬ್ಲ್ಯುಆರ್ (ಮಲಿನ ನೀರಿನ) ಪೈಪು ಸಲೀಸಾಗಿ ಹಾಯುತ್ತದೆ. ಒಂದು ಕಮೋಡಿಗೆ, ಇನ್ನೊಂದು ನೆಲದ ಟ್ರ್ಯಾಪಿಗೆ. ಕಮೋಡಿನ ತೂತಿನ ಅಳತೆ ಗಟ್ಟಿಯಾಗಿ ಹಿಡಿಯಬೇಕು: ನೆಲಕ್ಕೆ ಇಳಿಯುವ ಎಸ್ ಟ್ರ್ಯಾಪ್ ಕಮೋಡಿನಲ್ಲಿ ಟೈಲ್ಸ್ ಹಚ್ಚಿದ ಗೋಡೆಯಿಂದ ತೂತಿನ ನಡುವಿಗೆ 12 ಇಂಚಿನದು, 9 ಇಂಚಿನದು ಎಂದು ಎರಡು ಬಗೆ ಸಿಗುತ್ತವೆ. ನಾವು 12 ಇಂಚಿಗೆ ಗೊತ್ತುಮಾಡಿ, ಪ್ಲಾಸ್ಟರು ಮತ್ತು ಟೈಲ್ಸಿಗೆ ಒಂದೂವರೆ ಇಂಚು ಸೇರಿಸಿ, ಬರಿ ಗೋಡೆಯ ಗೆರೆಯಿಂದ ಹದಿಮೂರೂವರೆ ಇಂಚಿಗೆ ತೂತಿನ ನಡು ಇಟ್ಟೆವು. ಸ್ಲ್ಯಾಬ್ ಹಾಕುವ ದಿನ ವೈಬ್ರೇಟರ್ ತಾಗಿ ಒಂದು ತುಂಡು ಎರಡು ಇಂಚು ಸರಿದಿತ್ತು. ಕಾಂಕ್ರೀಟು ಹಸಿ ಇದ್ದಾಗಲೇ ಟೇಪು ಹಿಡಿದು ನೋಡಿದ್ದರಿಂದ ಹಿಂದಕ್ಕೆ ತರಲು ಆಯಿತು. ಮರುದಿನ ನೋಡಿದ್ದರೆ ಯಂತ್ರದಿಂದ ಸ್ಲ್ಯಾಬ್ ಕೊರೆಯುವ ಕೋರ್ ಕಟಿಂಗೇ ಗತಿ.

ಕೆಳಗಿನ ಶೌಚಾಲಯದ ಗಾಳಿ ಪೈಪು ಹೇಗೂ ಛತ್ತಿನ ಮೇಲೆ ಹೋಗುತ್ತದೆ. ಅದನ್ನು ಸಣ್ಣ ಪೈಪು ಮಾಡದೆ 110ರಲ್ಲೇ ಏರಿಸಿ, ಛತ್ತಿನ ಮಟ್ಟದಲ್ಲಿ ಒಂದು ಡೋರ್ ಟೀ (ಮುಚ್ಚಳ ತೆರೆಯಬಹುದಾದ ಮೂರು ಬಾಯಿಯ ಜೋಡಣೆ) ಕೂರಿಸಿ ಮುಚ್ಚಿದೆವು. ಮೇಲಿನ ಪೈಪು ಆಮೇಲೆ ಅಲ್ಲಿಗೆ ಸೇರುತ್ತದೆ. ಒಳಚರಂಡಿ ಇಲ್ಲದ ಬಡಾವಣೆಯಾದ್ದರಿಂದ ಸೆಪ್ಟಿಕ್ ಟ್ಯಾಂಕನ್ನೂ ಐದು ಜನರಿಗಲ್ಲ, ಹತ್ತು ಜನರಿಗೆ ಕಟ್ಟಿಸಿದೆವು. ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಐದು ಜನರದ್ದು 1.5×0.75 ಮೀಟರ್, ಹತ್ತು ಜನರದ್ದು 2×0.9 ಮೀಟರ್. ಎರೆ ಮಣ್ಣಿನಲ್ಲಿ ಇಂಗುಗುಂಡಿಯನ್ನು ನಂಬಬಾರದು. ಮಳೆಗಾಲದಲ್ಲಿ ಮಣ್ಣು ಒಂದು ಹನಿ ಕುಡಿಯುವುದಿಲ್ಲ, ಗುಂಡಿ ತುಂಬಿ ಹಿಂದಕ್ಕೆ ಬರುತ್ತದೆ. ಅದನ್ನು ಗರಸಿನ ಪದರದವರೆಗೆ ಇಳಿಸಬೇಕು, ಮನೆಯ ಪಾಯದಿಂದ ಸಾಧ್ಯವಾದಷ್ಟು ದೂರ ಇಡಬೇಕು.

ಮೆಟ್ಟಿಲಿಗೆ ಬರೋಣ. ನೆಲದಿಂದ ನೆಲಕ್ಕೆ 10 ಅಡಿ 6 ಇಂಚು, ಅಂದರೆ 126 ಇಂಚು. 7 ಇಂಚಿನ 18 ಏರು. ಕಾಲಿಡುವ ಅಗಲ 10 ಇಂಚು, ಮೆಟ್ಟಿಲ ಅಗಲ 3 ಅಡಿ 3 ಇಂಚು. ಮೆಟ್ಟಿಲು ಛತ್ತಿಗೆ ತಲುಪುವಲ್ಲಿ ಕಟ್ಟುವ ಚಿಕ್ಕ ಕೋಣೆಗೆ ಹೆಡ್‌ರೂಮ್ ಎನ್ನುತ್ತಾರೆ. ಹೆಡ್‌ರೂಮ್‌ ಬಾಗಿಲು ಈಗ ಛತ್ತಿಗೆ ತೆರೆಯುತ್ತದೆ, ಮುಂದೆ ಅದೇ ಮೇಲಿನ ಕೋಣೆಯ ಪಡಸಾಲೆಗೆ ತೆರೆಯುತ್ತದೆ. ಬಾಡಿಗೆಗೆ ಕೊಟ್ಟರೂ ಅಡಚಣೆಯಾಗದಂತೆ ಮೆಟ್ಟಿಲಿಗೆ ಹೊರಗಿನಿಂದಲೇ ಒಂದು ಬಾಗಿಲು ಇಟ್ಟೆವು.

ಎಡವುವುದು ಕೊನೆಯ ಏರಿನಲ್ಲಿ. ಛತ್ತಿನ ಮೇಲೆ ಇಟ್ಟಿಗೆ ಚೂರಿನ ಗಚ್ಚು ಹಾಕಿದರೆ ಸರಾಸರಿ 4 ಇಂಚು ದಪ್ಪ ಬರುತ್ತದೆ. ಐದು ವರ್ಷದ ಮೇಲೆ ಅದನ್ನು ಕೀಳದೆ ಮೇಲೇ 2 ಇಂಚಿನ ಟೈಲ್ಸು ಹಾಕಿದರೆ ನೆಲ 6 ಇಂಚು ಏರುತ್ತದೆ. ಮೆಟ್ಟಿಲ ಲೆಕ್ಕ 2 ಇಂಚಿನ ಟೈಲ್ಸಿಗಷ್ಟೇ ಹಾಕಿದ್ದರೆ ಕೊನೆಯ ಏರಿಗೆ 4 ಇಂಚು ಕೂಡುತ್ತದೆ. ಎಲ್ಲ ಏರು 7 ಇಂಚಿದ್ದು ಕೊನೆಯದು ಮಾತ್ರ 11 ಇಂಚಾದರೆ ಅಜ್ಜಿ ತಾತಂದಿರು ಬೀಳುವುದೇ ಅಲ್ಲಿ. ಭಾರದ ಮಾತೂ ಇದೆ: 4 ಇಂಚು ಗಚ್ಚು ಚದರ ಮೀಟರಿಗೆ ಸುಮಾರು 190 ಕೆಜಿ. ಕೋಣೆ, ಶೌಚಾಲಯ, ಪಡಸಾಲೆ ಸೇರಿ 350 ಚದರಡಿಗೆ ಆರು ಟನ್ ದಾಟುತ್ತದೆ, ಮುಂದೆ ಅದನ್ನೆಲ್ಲ ಅಗೆದು ಕೆಳಗಿಳಿಸುವುದು ಬೇರೆ ಕೂಲಿ. ಆದ್ದರಿಂದ ಮುಂದೆ ಕೋಣೆ ಬರುವ ಜಾಗಕ್ಕೆ ಗಚ್ಚು ಹಾಕಿಸಲಿಲ್ಲ. ಪಾಲಿಮರ್ ಸಿಮೆಂಟ್ ಲೇಪನ ಎರಡು ಕೋಟು, ಅದರ ಮೇಲೆ ನೂರಕ್ಕೆ ಒಂದರ ಇಳಿಜಾರಿನಲ್ಲಿ ಮುಕ್ಕಾಲು ಇಂಚಿನಿಂದ ಎರಡೂಕಾಲು ಇಂಚಿನವರೆಗೆ ಸಿಮೆಂಟ್ ಗಾರೆ, ಮೇಲೆ ಬಿಳಿ ಲೇಪನ. ಚದರ ಮೀಟರಿಗೆ 80 ಕೆಜಿಯಲ್ಲಿ ಮುಗಿಯಿತು. ಉಳಿದ ಛತ್ತು ಯಾವತ್ತೂ ಛತ್ತಾಗಿಯೇ ಉಳಿಯುವುದರಿಂದ ಅಲ್ಲಿ ಪೂರ್ತಿ ಗಚ್ಚು. ಹದಿನೆಂಟು ಏರಿನ ಲೆಕ್ಕವನ್ನು ಈಗಿನ ಛತ್ತಿಗಲ್ಲ, ಮುಂದೆ ಟೈಲ್ಸು ಬಂದ ನೆಲಕ್ಕೆ ಹಾಕಿದ್ದೇವೆ. ಬಾಗಿಲ ಲಿಂಟಲನ್ನೂ ಆ ನೆಲದಿಂದಲೇ 7 ಅಡಿಗೆ ಅಳೆದದ್ದು. ಮಳೆ ನೀರು ಒಳಗೆ ಬಾರದಂತೆ ಸದ್ಯಕ್ಕೆ 6 ಇಂಚಿನ ಹೊಸಿಲು ಕಟ್ಟಿ, ಎರಡೂ ಬದಿಗೆ ಶಹಾಬಾದ್ ಕಲ್ಲಿನ ಒಂದೊಂದು ಹೆಜ್ಜೆ ಇಟ್ಟಿದ್ದೇವೆ. ಆ ಹೊಸಿಲು, ಹೆಜ್ಜೆ ಎರಡನ್ನೂ ಮುಂದೆ ಕೀಳಬೇಕು.

ಹೆಡ್‌ರೂಮ್ ಸ್ಲ್ಯಾಬಿನ ಎತ್ತರ ಹೆಚ್ಚಿನವರು ಎಂಟು ಅಡಿಗೆ ಮುಗಿಸುತ್ತಾರೆ. ಮುಂದೆ ಪಕ್ಕದಲ್ಲಿ ಹತ್ತೂವರೆ ಅಡಿಯ ಕೋಣೆ ಎದ್ದಾಗ ಹೆಡ್‌ರೂಮ್ ತಗ್ಗಾಗಿ ಉಳಿದು, ಎರಡು ಛತ್ತು ಕೂಡುವ ಸಂದಿನಲ್ಲಿ ನೀರು ನಿಲ್ಲುತ್ತದೆ. ಅದರ ಮೇಲಿಟ್ಟ ನೀರಿನ ಟ್ಯಾಂಕು ಮೇಲಿನ ಸ್ನಾನದ ಮನೆಗೆ ಒತ್ತಡವನ್ನೇ ಕೊಡುವುದಿಲ್ಲ. ನಾವು ಹೆಡ್‌ರೂಮ್ ಸ್ಲ್ಯಾಬನ್ನು ಮುಂದಿನ ಕೋಣೆಯ ಛತ್ತಿನ ಮಟ್ಟಕ್ಕೇ, ಹತ್ತೂವರೆ ಅಡಿಗೆ ಹಾಕಿಸಿ, ಕೋಣೆ ಕಡೆಯ ತೊಲೆಯಿಂದ ಸ್ಲ್ಯಾಬ್ ಕಂಬಿಯನ್ನು ಹೊರಕ್ಕೆ ಬಿಟ್ಟು, ಅದನ್ನೂ ಬಡ ಕಾಂಕ್ರೀಟಿನಲ್ಲಿ ಮುಚ್ಚಿದೆವು. 1000 ಲೀಟರ್ ಟ್ಯಾಂಕು ತುಂಬಿದಾಗ ಒಂದು ಟನ್ನಿಗೆ ಮೇಲೆ. ಅದು ಈಗಲೇ ತನ್ನ ಕೊನೆಯ ಜಾಗದಲ್ಲಿ, ಸ್ಲ್ಯಾಬಿನ ಮೇಲೆ ಮೂರು ಅಡಿ ಎತ್ತರದ ಕಟ್ಟೆಯಲ್ಲಿ ಕೂತಿದೆ. ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ಮೇಲಿನ ಮಹಡಿಗೊಂದು ಟೀ, ಒಂದು ಬಾಲ್ ವಾಲ್ವು ಹಾಕಿ ಮುಚ್ಚಿಟ್ಟಿದ್ದೇವೆ.

ಕರೆಂಟಿಗೆ ಹೆಚ್ಚು ಹೇಳುವುದಿಲ್ಲ. ಮೀಟರ್ ಬೋರ್ಡಿನಲ್ಲಿ ವಿದ್ಯುತ್ ಕಂಪನಿ ಜೆಸ್ಕಾಂನ ಎರಡನೇ ಮೀಟರಿಗೆ ಜಾಗ, ಅಲ್ಲಿಂದ ಹೆಡ್‌ರೂಮ್‌ವರೆಗೆ 32 ಮಿ.ಮೀ.ಯ ಎರಡು ಖಾಲಿ ಪೈಪು. ಒಂದು ಕರೆಂಟಿಗೆ, ಒಂದು ಇಂಟರ್ನೆಟ್ಟು ಮತ್ತು ಇನ್ವರ್ಟರಿಗೆ. ಎರಡರೊಳಗೂ ನೈಲಾನ್ ಹುರಿ ಎಳೆದು ಎರಡೂ ತುದಿಗೆ ಕ್ಯಾಪ್. ಕ್ಯಾಪ್ ಹಾಕದಿದ್ದರೆ ಸ್ಲ್ಯಾಬ್ ದಿನವೇ ಸಿಮೆಂಟ್ ಹಾಲು ಇಳಿದು ಬೆಂಡಿನಲ್ಲಿ ಕಲ್ಲಾಗುತ್ತದೆ. ವೈರನ್ನು ಈಗಲೇ ಎಳೆದಿಡಬಾರದು, ಎಸಿ ಎಷ್ಟು ಟನ್ನಿನದು ಎಂದು ಗೊತ್ತಾಗದೆ ವೈರಿನ ಗಾತ್ರ ಗೊತ್ತಾಗುವುದಿಲ್ಲ.

ಕೋಣೆ ಯಾವ ಮೂಲೆಗೆ ಎಂಬುದಕ್ಕೆ ಮನೆಯ ಹಿರಿಯರು ನೈಋತ್ಯ ಎಂದರು, ಭಾರ ಅಲ್ಲೇ ಇರಬೇಕೆಂದು. ಬಿಸಿಲಿನ ಲೆಕ್ಕಕ್ಕೂ ಅದು ಒಂದು ಬಗೆಯಲ್ಲಿ ಒಳ್ಳೆಯದೇ: 42 ಡಿಗ್ರಿಯ ಮಧ್ಯಾಹ್ನಗಳಲ್ಲಿ ಕೆಳಗಿನ ಮಲಗುವ ಕೋಣೆಗಳ ನೆತ್ತಿ ಮುಂದೆ ನೆರಳಿನಲ್ಲಿರುತ್ತದೆ. ತೊಡಕು ಬಂದದ್ದು ಸೌರ ಫಲಕಕ್ಕೆ. 3 ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 300 ಚದರಡಿ ಬೇಕು. ಸಿಂಧನೂರಿನಲ್ಲಿ ಡಿಸೆಂಬರ್ ಕೊನೆಯ ವಾರ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿ 51 ಡಿಗ್ರಿ ಎತ್ತರದಲ್ಲಿರುತ್ತಾನೆ. 11 ಅಡಿ ಎತ್ತರದ ಕೋಣೆಯ ನೆರಳು ಉತ್ತರಕ್ಕೆ 9 ಅಡಿ ಚಾಚುತ್ತದೆ, ಇಳಿಹೊತ್ತಿನಲ್ಲಿ ಪೂರ್ವಕ್ಕೂ ಹರಡುತ್ತದೆ. ಅಂದರೆ ಮುಂದೆ ಫಲಕಕ್ಕೆ ಸರಿಯಾದ ಜಾಗ ಆ ಕೋಣೆಯ ನೆತ್ತಿಯೇ. ಅದಕ್ಕೇ ಈಗಿನ ಸ್ಟ್ಯಾಂಡನ್ನು ಛತ್ತು ಕೊರೆದು ಬೋಲ್ಟ್ ಮಾಡಿಸಲಿಲ್ಲ. ಒಂದೂವರೆ ಅಡಿ ಚೌಕ, ಒಂದು ಅಡಿ ಎತ್ತರದ, ತಲಾ 150 ಕೆಜಿಯ ಕಾಂಕ್ರೀಟ್ ದಿಮ್ಮಿಗಳನ್ನು ತೊಲೆಯ ಗೆರೆಯ ಮೇಲೇ ಇಟ್ಟು ಅದಕ್ಕೆ ಕಟ್ಟಿಸಿದೆವು. ಗಾಳಿಯ ಎಳೆತಕ್ಕೆ ದಿಮ್ಮಿ ಎಷ್ಟು ಬೇಕೆಂದು ಫಲಕ ಹಾಕುವವರಿಂದ ಲೆಕ್ಕ ಬರೆಸಿಕೊಳ್ಳಬೇಕು. ಏಪ್ರಿಲ್, ಮೇ ಬಿರುಗಾಳಿ ನಮ್ಮಲ್ಲಿ ತಗಡನ್ನೇ ಹಾರಿಸುತ್ತದೆ.

ಪ್ಯಾರಾಪೆಟ್ ಸುತ್ತಲೂ ಮೂರು ಅಡಿ ಎತ್ತರ, ಶಕ್ತಿನಗರದ ಹಾರುಬೂದಿಯ ಇಟ್ಟಿಗೆಯದು. ಮುಂದೆ ಕೋಣೆಯ ಗೋಡೆ ಬರುವ ಎರಡು ಬದಿಗೆ ಮಾತ್ರ ನಾಲ್ಕೂವರೆ ಇಂಚಿನದು, ಬಡ ಗಾರೆಯಲ್ಲಿ, ತಲೆಗೆ ಗ್ರಾನೈಟ್ ಇಲ್ಲದೆ. ಕೆಡವಲು ಕಟ್ಟಿದ ಗೋಡೆ ಅದು.

ಕೋಣೆ ಕಟ್ಟುವ ಹೊತ್ತು ಬಂದಾಗ ಗೋಡೆಗೆ ಎಎಸಿ ಬ್ಲಾಕೇ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ) ನಮ್ಮ ಆಯ್ಕೆ. ಒಂಬತ್ತು ಇಂಚಿನ ಸುಟ್ಟ ಇಟ್ಟಿಗೆ ಗೋಡೆ 10 ಅಡಿ ಎತ್ತರಕ್ಕೆ ಒಂದು ಅಡಿ ಉದ್ದಕ್ಕೆ 400 ಕೆಜಿ, ಎಂಟು ಇಂಚಿನ ಎಎಸಿ ಗೋಡೆ 125 ಕೆಜಿ. ಕೋಣೆಯ ಸುತ್ತಳತೆಗೆ ಕಿಟಕಿ ಬಾಗಿಲು ಕಳೆದರೂ 14–15 ಟನ್ ಇಳಿಯುತ್ತದೆ, ಬಿಸಿಲ ಕಾವೂ ಒಳಗೆ ನಿಧಾನ ಬರುತ್ತದೆ. ಬರಿ ತಗಡಿನ ಮಾಡು ಮಾತ್ರ ಬೇಡ. ಖರ್ಚಿಗೆ ಕೈ ಬಿಗಿಯಿದ್ದರೆ 50 ಮಿ.ಮೀ. ಪಫ್ (ಶಾಖ ತಡೆಯುವ ನೊರೆ) ತುಂಬಿದ ಪ್ಯಾನೆಲ್ಲು ಹಾಕಬಹುದು, ಆದರೆ ಆಗ ಫಲಕಕ್ಕೂ ಟ್ಯಾಂಕಿಗೂ ಆ ಛತ್ತು ಒದಗುವುದಿಲ್ಲ. ಅದಕ್ಕೇ ನಮ್ಮ ಮನಸ್ಸು ಸ್ಲ್ಯಾಬಿನ ಕಡೆಗೇ ಇದೆ.

ಕೆಲಸ ಶುರು ಮಾಡುವುದು ಮಳೆ ಹಿಂದಾದ ನವೆಂಬರಿನಲ್ಲಿ. ಮೊದಲು ಬಡ ಕಾಂಕ್ರೀಟನ್ನು ಸಣ್ಣ ಉಳಿಯಿಂದ ಬಿಡಿಸಿ, ಕಂಬಿಯ ಬುಡವನ್ನು ಕ್ಯಾಲಿಪರ್‌ನಲ್ಲಿ ಅಳೆಯಬೇಕು. 16ರ ಕಂಬಿ 15ಕ್ಕೆ ಇಳಿದಿದ್ದರೆ ಅದರ ಬಲದಲ್ಲಿ ನೂರಕ್ಕೆ 12 ಪಾಲು ಹೋಗಿದೆ ಎಂದರ್ಥ. ಅಲ್ಲಿಗೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸಬೇಕು. ಆಗ ಸ್ಲ್ಯಾಬಿಗೆ ಕೊರೆದು ಕೆಮಿಕಲ್ ಆಂಕರಿನಲ್ಲಿ ಹೊಸ ಕಂಬಿ ನೆಡುವ ದಾರಿ ಇದೆ, ದುಬಾರಿ. ಕಂಬಿ ಸರಿಯಿದ್ದರೆ ಹಳೆ ಕಾಂಕ್ರೀಟಿನ ಮೈಯನ್ನು ಕಡಿ ಕಾಣುವವರೆಗೆ ಕೊಚ್ಚಿ, ಧೂಳು ತೊಳೆದು, ಒಂದು ರಾತ್ರಿ ನೆನೆಸಿ, ಸಿಮೆಂಟ್ ಹಾಲು ಬಳಿದು ಹೊಸ ಕಾಲಂ ಎಬ್ಬಿಸಬೇಕು.

ಇಷ್ಟರ ನಡುವೆ ಯಾವ ಕಾಲಂನಲ್ಲಿ ಏನಿದೆ ಎಂಬುದು ಮರೆತುಹೋಗಬಾರದು. ಪ್ರತಿ ಫೂಟಿಂಗು, ಪ್ರತಿ ತೊಲೆ, ಸ್ಲ್ಯಾಬಿನ ಪೈಪು ಮುಚ್ಚುವ ಮುಂಚೆ ಟೇಪು ಹಿಡಿದು ಫೋಟೊ ತೆಗೆದದ್ದು ಫೈಲಿನಲ್ಲಿದೆ. ಅದರ ಜತೆ ಹೆಡ್‌ರೂಮಿನ ಒಳಗೋಡೆಗೆ ಕಪ್ಪು ಬಣ್ಣದಲ್ಲಿ ಹನ್ನೆರಡು ಸಾಲು ಬರೆಸಿದ್ದೇವೆ, ಕಾಲಂಗೊಂದು. ಆರನೆಯ ಸಾಲು ಹೀಗಿದೆ: ಕಾಲಂ 6, 9×12, 16 ಮಿ.ಮೀ. ನಾಲ್ಕು, ಬಿಟ್ಟ ಕಂಬಿ 3 ಅಡಿ, ಫೂಟಿಂಗ್ 5 ಅಡಿ 3 ಇಂಚು ಚೌಕ, ಆಳ 7 ಅಡಿ 6 ಇಂಚು, ಗರಸು.